ಕಲಬುರಗಿಯ ಮಾಳಿಗೆಯ ಮೇಲೆ 40 ಮೀಟರ್ ಡೈಪೋಲ್

ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಕೈಗೆ ಬಂದ ಹೊಸಬರಲ್ಲಿ ಅನೇಕರು ಎತ್ತರದ ಟವರ್ ಇಲ್ಲದೆ ಏನೂ ಸಾಗದೆಂದು ಕೈಚೆಲ್ಲುತ್ತಾರೆ. 40 ಮೀಟರ್ ಬ್ಯಾಂಡಿನ, ಅಂದರೆ 7 ಮೆಗಾಹರ್ಟ್ಸ್ ಆಸುಪಾಸಿನ ರೇಡಿಯೋ ಅಲೆಗಳ ಮಟ್ಟಿಗೆ, ಅದರಲ್ಲೂ ಹಗಲಿನಲ್ಲಿ ಕಲಬುರಗಿಯಿಂದ ಬೆಂಗಳೂರು, ಹೈದರಾಬಾದ್, ಪುಣೆಗಳ ಗೆಳೆಯರೊಂದಿಗೆ ಮಾತಾಡಬೇಕೆನ್ನುವವರಿಗೆ, ಎರಡಂತಸ್ತಿನ ಮನೆಯ ಮಾಳಿಗೆಯೇ ತಕ್ಕ ಜಾಗವೆಂಬುದು ನನ್ನ ದೃಢವಾದ ಅಭಿಪ್ರಾಯ. ಅಲ್ಲಿ ಸಿಗುವ ಸುಮಾರು ಹತ್ತು ಮೀಟರ್ ಎತ್ತರವೆಂದರೆ ಈ ಬ್ಯಾಂಡಿನಲ್ಲಿ ಕಾಲು ತರಂಗಾಂತರ. ಅಷ್ಟು ಎತ್ತರದಲ್ಲಿರುವ ಡೈಪೋಲ್, ಅಂದರೆ ನಡುವೆ ಕೇಬಲ್ ಸೇರುವ ಎರಡು ಸಮ ತೋಳುಗಳ ತಂತಿಯ ಆಂಟೆನಾ, ತನ್ನ ಶಕ್ತಿಯ ಹೆಚ್ಚಿನ ಪಾಲನ್ನು ನೆತ್ತಿಯತ್ತ ಕಳುಹಿಸುತ್ತದೆ. ಅದು ಸುಮಾರು 300 ಕಿ.ಮೀ. ಮೇಲಿರುವ ಅಯಾನುಗೋಳದ (ವಾತಾವರಣದ ಮೇಲ್ಭಾಗದ ವಿದ್ಯುದಾವೇಶವಿರುವ ವಲಯ) ಎಫ್ ಪದರದಿಂದ ಹಿಂತಿರುಗಿ, ಸುತ್ತಲಿನ ಕೆಲವು ನೂರು ಕಿಲೋಮೀಟರುಗಳ ಪ್ರದೇಶದ ಮೇಲೆ ಇಳಿಯುತ್ತದೆ. ರಾತ್ರಿ ಆ ಪದರ ತೆಳುವಾದಾಗ ಹತ್ತಿರದ ಸ್ಟೇಷನ್‌ಗಳು ಕ್ಷೀಣಿಸಿ ದೂರದವು ಕೇಳತೊಡಗಿದರೆ ಆಂಟೆನಾವನ್ನು ದೂರಬಾರದು.

142.5 ಅನ್ನು ಮೆಗಾಹರ್ಟ್ಸ್‌ನಲ್ಲಿರುವ ಆವರ್ತನದಿಂದ ಭಾಗಿಸಿದರೆ ಡೈಪೋಲಿನ ಒಟ್ಟು ಉದ್ದ ಮೀಟರಿನಲ್ಲಿ ಸಿಗುತ್ತದೆ. 7.1 ಮೆಗಾಹರ್ಟ್ಸ್‌ಗೆ ಅದು ಸುಮಾರು 20 ಮೀಟರ್, ಒಂದೊಂದು ಬದಿಗೆ 10 ಮೀಟರ್. ಮನೆಯ ವೈರಿಂಗಿಗೆ ಬಳಸುವ ಪಿವಿಸಿ ಹೊದಿಕೆಯ ತಂತಿಯಾದರೆ ಇದಕ್ಕಿಂತ ಕೆಲವು ಶೇಕಡಾದಷ್ಟು ಕಡಿಮೆ ಉದ್ದವೇ ಸಾಕಾಗುತ್ತದೆ. ಆದರೂ ಮಾಳಿಗೆಯೊಳಗಿನ ಕಬ್ಬಿಣದ ಸರಳುಗಳು ಲೆಕ್ಕವನ್ನು ಕದಲಿಸುವುದರಿಂದ, ಮೊದಲು ಉದ್ದವಾಗಿಯೇ ಕತ್ತರಿಸಿ, ಮೇಲೇರಿಸಿ, ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಶಕ್ತಿ ಎಷ್ಟು ಹಿಂತಿರುಗುತ್ತದೆಂಬುದರ ಅಳತೆ) ಯಾವ ಆವರ್ತನದಲ್ಲಿ ಅತಿ ಕಡಿಮೆಯಿದೆ ಎಂದು ನೋಡಬೇಕು. ಅದು 6.9ರಲ್ಲಿ ಸಿಕ್ಕಿತೆನ್ನಿ: ಈಗಿನ ಉದ್ದವನ್ನು 6.9ರಿಂದ ಗುಣಿಸಿ 7.1ರಿಂದ ಭಾಗಿಸಿದರೆ ಬೇಕಾದ ಉದ್ದ ಬರುತ್ತದೆ. 20 ಮೀಟರ್ ತಂತಿಯಲ್ಲಿ ಪ್ರತಿ ಬದಿಗೆ 28 ಸೆಂ.ಮೀ. ತೆಗೆಯಬೇಕಾಗುತ್ತದೆ. ಕೊನೆಯ ಆ ಭಾಗವನ್ನು ಕತ್ತರಿಸದೆ, ಹಿಂದಕ್ಕೆ ಮಡಚಿ ತಂತಿಗೇ ಒತ್ತಿ ಸುತ್ತಿದರೂ ಸಾಕು. ಮುಂದೆ ಮತ್ತೆ ಉದ್ದ ಬೇಕಾದಾಗ ಬೆಸುಗೆ ಹಾಕುವ ಪ್ರಮೇಯ ಬರುವುದಿಲ್ಲ.

ನಗರದಲ್ಲಿ ನಿಜವಾದ ತೊಡಕು ಜಾಗದ್ದು. 30×40 ಅಡಿಯ ನಿವೇಶನದಲ್ಲಿ 20 ಮೀಟರ್ ತಂತಿಯನ್ನು ನೇರವಾಗಿ ಎಳೆಯಲಾಗದು. ಮೂಲೆಯಿಂದ ಮೂಲೆಗೆ ಅಳೆದರೂ ಸಿಗುವುದು 50 ಅಡಿ, ಅಂದರೆ 15 ಮೀಟರಿಗಿಂತ ತುಸು ಹೆಚ್ಚು. ನಡುವೆ 6 ಮೀಟರಿನ ಜಿಐ ಪೈಪ್ ನಿಲ್ಲಿಸಿ ತಂತಿಯನ್ನು ತಲೆಕೆಳಗಾದ 'ವಿ' ಆಕಾರದಲ್ಲಿ ಇಳಿಬಿಟ್ಟು, ಎರಡೂ ಮೂಲೆಗಳಲ್ಲಿ ಬಿದಿರಿನ ಗಳ ಕಟ್ಟಿ, ಪ್ರತಿ ಬದಿಯಲ್ಲಿ ಉಳಿದ ಒಂದೂವರೆ ಮೀಟರಿನಷ್ಟನ್ನು ಗೋಡೆಯ ಹೊರಗೆ ತೂಗಬಿಡಬಹುದು. ಎರಡು ತೋಳುಗಳ ನಡುವಿನ ಕೋನ 90 ಡಿಗ್ರಿಗಿಂತ ಕಡಿಮೆಯಾಗಬಾರದು. ಪ್ರಸಾರದ ವೇಳೆ ತಂತಿಯ ತುದಿಗಳಲ್ಲಿ ವೋಲ್ಟೇಜ್ ಅತಿ ಹೆಚ್ಚಾಗಿರುವುದರಿಂದ ಅವು ಯಾರ ಕೈಗೂ ಎಟುಕಬಾರದು, ಮತ್ತು ಹರಿದು ಬಿದ್ದರೂ ವಿದ್ಯುತ್ ಲೈನಿಗೆ ತಾಗದಷ್ಟು ದೂರವಿರಲೇಬೇಕು.

ನಮ್ಮ ಬಿಸಿಲಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ತಾಮ್ರ ಹಿಗ್ಗುತ್ತದೆಂಬ ಭಯ ಬೇಡ. 30 ಡಿಗ್ರಿ ಏರಿಕೆಗೆ 20 ಮೀಟರ್ ತಂತಿ ಹಿಗ್ಗುವುದು ಸುಮಾರು ಒಂದೇ ಸೆಂಟಿಮೀಟರ್. ಕೆಡುವುದು ಉಳಿದ ಸಾಮಗ್ರಿ. ಅಗ್ಗದ ಪ್ಲಾಸ್ಟಿಕ್ ಹಗ್ಗವನ್ನು ಒಂದು ಬೇಸಿಗೆ ಕಳೆದ ಮೇಲೆ ಬೆರಳಲ್ಲಿ ಹಿಂಡಿ ನೋಡಿದರೆ ಎಳೆಗಳು ಪುಡಿಪುಡಿಯಾಗಿ ಉದುರುತ್ತವೆ. ಕಪ್ಪು ಪಾಲಿಯೆಸ್ಟರ್ ಹಗ್ಗ ಎಷ್ಟೋ ಪಾಲು ತಾಳುತ್ತದೆ. ಕೋಆಕ್ಸ್ (ರೇಡಿಯೋದಿಂದ ಆಂಟೆನಾಗೆ ಹೋಗುವ ಕೇಬಲ್) ಸೇರುವ ನಡುವಿನ ಜೋಡಣೆಗೆ ಸಾಮಾನ್ಯ ಇನ್ಸುಲೇಷನ್ ಟೇಪ್ ಮಾತ್ರ ಸುತ್ತಿದರೆ ಅಂಟು ಕರಗಿ ಟೇಪ್ ಜಾರುತ್ತದೆ, ಮೊದಲ ಮಳೆಯ ನೀರು ಕೋಆಕ್ಸ್‌ನ ಹೆಣಿಗೆಯೊಳಗೆ ಇಳಿದು ಕೇಬಲ್ಲನ್ನೇ ಹಾಳುಮಾಡುತ್ತದೆ. ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಒಳಗೆ, ಅದರ ಮೇಲೆ ಪಿವಿಸಿ ಟೇಪ್ ಸುತ್ತುವುದು ಸರಿಯಾದ ಕ್ರಮ. ಅಲ್ಲಿಯೇ 1:1 ಬಾಲನ್ (ಕೋಆಕ್ಸನ್ನು ಡೈಪೋಲಿಗೆ ಹೊಂದಿಸುವ ಚಿಕ್ಕ ಸಾಧನ) ಇದ್ದರೆ ಕೋಆಕ್ಸ್‌ನ ಹೊರಮೈಯಲ್ಲಿ ಹರಿಯುವ ಕರೆಂಟು ತಗ್ಗಿ, ಮನೆಯ ಎಲ್‌ಇಡಿ ಬಲ್ಬು, ಇನ್ವರ್ಟರುಗಳ ಗದ್ದಲವೂ ರಿಸೀವರಿನಲ್ಲಿ ಎಷ್ಟೋ ಇಳಿಯುತ್ತದೆ.

ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಮೋಡ ಕವಿಯುತ್ತಿದ್ದಂತೆ ಕೋಆಕ್ಸನ್ನು ರೇಡಿಯೋದಿಂದ ಬಿಚ್ಚಿ, ಅದರ ತುದಿಯನ್ನು ಕಿಟಕಿಯಾಚೆ ಹಾಕಬೇಕು. ಗುಡುಗು ಕೇಳಿದ ಮೇಲೆ ಕೇಬಲ್ ಮುಟ್ಟಬಾರದು. ಆದ್ದರಿಂದ ಬೇಸಿಗೆಯಲ್ಲಿ ಮಾತು ಮುಗಿದ ಕೂಡಲೇ ಬಿಚ್ಚಿಡುವುದು ಒಳಿತು.