ಹಡಿಲು ಗದ್ದೆ, ಬಾರ್ಲಿ ತೆನೆ

ಈ ಸಲ ಮೊಂತಿ ಹಬ್ಬ ಬೇಡ ಅಂತ ಆಗಸ್ಟ್‌ನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆ. ಗಂಡನಿಗೂ ಹೇಳಿದ್ದೆ, ಅವರು ಸುಮ್ನೆ ತಲೆಯಾಡಿಸಿದರು. ಅಣ್ಣ ಹೋಗಿ ಐದು ತಿಂಗಳೂ ತುಂಬಿರಲಿಲ್ಲ. ನಾವಿರುವುದು ಐರ್ಲೆಂಡಿನ ವೆಕ್ಸ್‌ಫರ್ಡ್ ಕೌಂಟಿಯ ಒಂದು ಸಣ್ಣ ಊರಿನಲ್ಲಿ. ಅಲ್ಲಿ ಕೊಂಕಣಿ ಮಾತಾಡುವ ಮನೆ ಅಂದರೆ ನಮ್ಮದೊಂದೇ, ಹಾಗಾಗಿ ಹಬ್ಬ ಮಾಡದಿದ್ದರೆ ಯಾಕೆ ಅಂತ ಕೇಳುವವರೂ ಇರಲಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಸೆಪ್ಟೆಂಬರ್ 8 ಯೇಸುವಿನ ತಾಯಿ ಮರಿಯಮ್ಮನವರು ಹುಟ್ಟಿದ ದಿನ. ಎಲ್ಲ ಕಡೆಯ ಕಥೋಲಿಕರಿಗೂ ಅದು ಹಬ್ಬವೇ, ಆದರೆ ಮಂಗಳೂರು, ಉಡುಪಿ ಕಡೆಯ ನಮಗೆ ಅದೇ ದಿನ ತೆನೆ ಹಬ್ಬವೂ ಹೌದು. ಫರಂಗಿಪೇಟೆಯಲ್ಲಿ ನೇತ್ರಾವತಿ ಹತ್ತಿರ ಮೊಂತೆ ಮರಿಯಾನೊ ಅಂತ ಹಳೆಯ ಇಗರ್ಜಿ ಇದೆ, ಅದರ ಹೆಸರಿನಿಂದಲೇ ಮೊಂತಿ ಅನ್ನುವುದು ಬಂತು ಅಂತ ಹಿರಿಯರು ಹೇಳುತ್ತಾರೆ. ಪೋರ್ಚುಗೀಸಿನಲ್ಲಿ ಮೊಂತೆ ಅಂದರೆ ಬೆಟ್ಟ. ಆಗಸ್ಟ್ 30ರಿಂದ ಒಂಬತ್ತು ದಿನ ನೊವೇನಾ ಪ್ರಾರ್ಥನೆ, ಮಕ್ಕಳು ಬುಟ್ಟಿ ತುಂಬ ಹೂ ತಂದು ಬಾಲ ಮರಿಯಮ್ಮನ ಪ್ರತಿಮೆಗೆ ಹಾಡುತ್ತಾ ಹಾಕುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಗುರುಗಳು ಆಶೀರ್ವದಿಸುತ್ತಾರೆ. ಮನೆಯಲ್ಲಿ ಎಷ್ಟು ಜನರೋ ಅಷ್ಟು ತೆನೆ. ಮನೆಗೆ ಬಂದು ಆಲ್ತಾರಿನ, ಅಂದರೆ ದೇವರ ಪೀಠದ, ಮುಂದೆ ಮೇಣದ ಬತ್ತಿ ಹಚ್ಚಿ, ಪ್ರಾರ್ಥನೆ ಮಾಡಿ, ಹಿರಿಯರು ಕಾಳು ಸುಲಿದು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಕೊಡುತ್ತಾರೆ. ಅದನ್ನು ನಾವು ನೊವೆಂ ಅನ್ನುತ್ತೇವೆ, ಹೊಸತು ಅಂತ. ಆಮೇಲೆ ಊಟ. ಆ ದಿನ ಮೀನು, ಮಾಂಸ ಇಲ್ಲ, ಬರೀ ತರಕಾರಿ, ಅದೂ ಬೆಸ ಸಂಖ್ಯೆಯಲ್ಲಿ. ದೂರ ಇರುವವರ ಪಾಲನ್ನು ಲಕೋಟೆಯಲ್ಲಿ ಹಾಕಿ ಕಳಿಸುವುದೂ ಉಂಟು.

ನಮ್ಮೂರಿನ ಇಗರ್ಜಿಗೆ ತೆನೆ ಕೊಯ್ದು ಕೊಡುವವರಲ್ಲಿ ನನ್ನ ಅಣ್ಣನೂ ಒಬ್ಬ. ಎರಡು ದಿನ ಮೊದಲೇ ಗದ್ದೆಯ ಬದುವಿನ ಮೇಲೆ ಹೋಗಿ ಒಂದು ಕಾಳು ಕಿತ್ತು ಮುಂದಿನ ಹಲ್ಲಿನಲ್ಲಿ ಕಚ್ಚಿ ನೋಡುತ್ತಿದ್ದ. ಕಾಳು ಒಣಗಿದ್ದರೆ ಕಟ್ ಅಂತ ಸದ್ದು ಬರುತ್ತದೆ. ಮೊಂತಿ ಹಬ್ಬದ ಹೊತ್ತಿಗೆ ಆ ಸದ್ದು ಬರುವುದಿಲ್ಲ, ಆದರೂ ಕಚ್ಚುವುದು ಅವನ ಅಭ್ಯಾಸ. 14 ತಿಂಗಳು ಕ್ಯಾನ್ಸರ್ ಜೊತೆ ಗುದ್ದಾಡಿ, ಈಸ್ಟರ್ ಕಳೆದ ವಾರ ಹೋಗಿಬಿಟ್ಟ. ಅವನನ್ನು ಮಣ್ಣು ಮಾಡಿದ್ದು 2025ರ ಏಪ್ರಿಲ್ 26ರಂದು, ರೋಮಿನಲ್ಲಿ ಪೋಪ್ ಫ್ರಾನ್ಸಿಸ್ ಅವರ ಅಂತ್ಯಕ್ರಿಯೆಯೂ ಅದೇ ದಿನ. ಅದು ಕಥೋಲಿಕರ ಜುಬಿಲಿ ವರ್ಷ, ಅಂದರೆ ಪವಿತ್ರ ವರ್ಷ. ಇಗರ್ಜಿಯ ಬಾಗಿಲ ಮೇಲೆ 'ಭರವಸೆಯ ಯಾತ್ರಿಕರು' ಅಂತ ದೊಡ್ಡ ಬ್ಯಾನರ್ ಕಟ್ಟಿದ್ದರು. ಅಣ್ಣನ ಪೆಟ್ಟಿಗೆ ಅದರ ಕೆಳಗೇ ಒಳಗೆ ಹೋಯಿತು, ಅದರ ಕೆಳಗೇ ಹೊರಗೆ ಬಂತು. ಆ ಅಕ್ಷರಗಳನ್ನು ಹರಿದು ಹಾಕಬೇಕು ಅನ್ನುವಷ್ಟು ಸಿಟ್ಟು ಬಂದಿತ್ತು ನನಗೆ.

ಜಪಸರ ಹಿಡಿದರೆ ಬಾಯಿ ಓಡುತ್ತಿರಲಿಲ್ಲ. ಬಂದವರೆಲ್ಲ "ದೇವರ ಚಿತ್ತ" ಅನ್ನುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಗೊತ್ತು. ಆದರೆ 16 ವರ್ಷದ ಮಗನನ್ನು ಬಿಟ್ಟು ಹೋದವನ ಮನೆಯಲ್ಲಿ ಆ ಮಾತು ಕೇಳುವುದು ತುಂಬ ಕಷ್ಟ. ಬೈಬಲಿನಲ್ಲಿ ಯೋಬನ ಗೆಳೆಯರು ಏಳು ದಿನ, ಏಳು ರಾತ್ರಿ ಅವನ ಪಕ್ಕ ನೆಲದ ಮೇಲೆ ಒಂದೂ ಮಾತಾಡದೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ, ಬಾಯಿ ಬಿಟ್ಟ ಮೇಲೆ ಎಲ್ಲ ಕೆಟ್ಟಿತು. ದುಃಖದ ಮನೆಗೆ ಹೋಗುವವರೆಲ್ಲ ಆ ಏಳು ದಿನವನ್ನು ನೆನಪಿಡಬೇಕು ಅಂತ ನನಗೆ ಈಗ ಅನ್ನಿಸುತ್ತದೆ.

ನೊವೇನಾ ಶುರುವಾದ ದಿನ ಅಮ್ಮನ ಫೋನ್ ಬಂತು. ಇಲ್ಲಿ ಬೆಳಿಗ್ಗೆ ಎಂಟೂವರೆ, ನಾನು ನೈಟ್ ಡ್ಯೂಟಿ ಮುಗಿಸಿ ಆಗಷ್ಟೇ ಬಂದಿದ್ದೆ. ಅಲ್ಲಿ ಮಧ್ಯಾಹ್ನ ಒಂದು ಗಂಟೆ.

"ಬಾಯೇ, ಅಲ್ಲಿ ಹೂ ಸಿಗುತ್ತಾ?" ಅಂದರು.

"ಈ ವರ್ಷ ಮಾಡುವುದಿಲ್ಲ ಅಮ್ಮಾ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನಮ್ಮ ಗದ್ದೆ ಈ ಸಲ ಹಡಿಲು ಬಿದ್ದಿದೆ ಅಂದರು. ಮಳೆಗಾಲದ ಏಣೆಲು ಬೆಳೆಗೆ ಉಳುವವರೇ ಇರಲಿಲ್ಲ, ಹುಲ್ಲು ಸೊಂಟದವರೆಗೆ ಬಂದಿದೆಯಂತೆ. ತೆನೆಯನ್ನು ಪಕ್ಕದ ಮನೆಯವರ ಗದ್ದೆಯಿಂದ ಕೊಡುತ್ತಾರಂತೆ. ಇಷ್ಟು ಹೇಳಿ, ಒಂದು ಚೂರೂ ದನಿ ಎತ್ತದೆ, "ಶ್ರೀರಂಗಪಟ್ಟಣದಿಂದ ವಾಪಸ್ ಬಂದವರು, ನಮ್ಮ ಜನ ಎಷ್ಟೊಂದು ಸತ್ತಿದ್ದಾರೆ, ಇನ್ನು ಯಾವ ಹಬ್ಬ ಅಂತ ಕೂತಿದ್ದರೆ ನಿನಗೆ ಬಿಡುವುದಕ್ಕಾದರೂ ಹಬ್ಬ ಎಲ್ಲಿರುತ್ತಿತ್ತು?" ಅಂತ ಕೇಳಿದರು.

ನಮ್ಮ ಮನೆಗಳಲ್ಲಿ ಆ ಕಥೆ ಎಲ್ಲರಿಗೂ ಗೊತ್ತು. 1784ರಲ್ಲಿ, ಟಿಪ್ಪುವಿನ ಕಾಲದಲ್ಲಿ, ಕರಾವಳಿಯ ಕ್ರೈಸ್ತರನ್ನು ಸೆರೆ ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಬಿಡುಗಡೆ ಆದದ್ದು 1799ರಲ್ಲಿ. 15 ವರ್ಷ! ದಾರಿಯಲ್ಲಿ, ಸೆರೆಯಲ್ಲಿ ಸತ್ತವರು ಬಹಳ. ಉಳಿದು ಬಂದವರಿಗೆ ಊರಲ್ಲಿ ಎಷ್ಟೋ ಇಗರ್ಜಿಗಳೂ ಉಳಿದಿರಲಿಲ್ಲ. ಮಂಗಳೂರಿನ ಮಿಲಾಗ್ರಿಸ್ 1680ರಷ್ಟು ಹಳೆಯದು, ಅದೂ 1784ರಲ್ಲಿ ನೆಲಸಮ ಆಗಿತ್ತು. ಇದನ್ನು ಯಾರ ಮೇಲಿನ ದ್ವೇಷಕ್ಕೂ ಬರೆಯುತ್ತಿಲ್ಲ, ನಮ್ಮಜ್ಜಿಯೂ ದ್ವೇಷಕ್ಕೆ ಹೇಳಿದವರಲ್ಲ. ಅವರು ಈ ಕಥೆ ಹೇಳಿ ಮುಗಿಸುವಾಗ ಯಾವಾಗಲೂ 126ನೇ ಕೀರ್ತನೆ ಹೇಳುತ್ತಿದ್ದರು. ಸೆರೆಯಿಂದ ಮರಳಿ ಬಂದವರ ಹಾಡು ಅದು. ಅಳುತ್ತಾ ಬೀಜ ಹೊತ್ತುಕೊಂಡು ಹೋದವರು ಹಾಡುತ್ತಾ ಸಿವುಡು ಹೊತ್ತು ಬರುತ್ತಾರೆ ಅಂತ ಅದರಲ್ಲಿ ಬರುತ್ತದೆ. ಅಜ್ಜಿಯ ಬಾಯಲ್ಲಿ ಅದು ಬರೀ ಕೀರ್ತನೆ ಅಲ್ಲ, ನಮ್ಮ ಮನೆಯವರದೇ ಸುದ್ದಿ ಅನ್ನುವ ಹಾಗೆ ಕೇಳುತ್ತಿತ್ತು.

ಫೋನ್ ಇಟ್ಟ ಮೇಲೆ ನನಗೆ ಹತ್ತಿದ್ದು ಆ ಕೀರ್ತನೆಯ ಒಂದೇ ವಿಷಯ. ಅಲ್ಲಿ ಯಾರೂ ಅಳು ನಿಲ್ಲಿಸಿ ಆಮೇಲೆ ಬಿತ್ತುವುದಿಲ್ಲ. ಅಳುತ್ತಲೇ ಬಿತ್ತುತ್ತಾರೆ. ನಾನು ಅಳು ಮುಗಿಯಲಿ, ಆಮೇಲೆ ಹಬ್ಬ ಅಂತ ಕಾಯುತ್ತಿದ್ದೆ. ಅದು ಮುಗಿಯುವಂಥದ್ದಾ?

ಸರಿ, ಮಾಡೋಣ ಅಂದೆ. ಆದರೆ ತೆನೆ ಎಲ್ಲಿಂದ? ಐರ್ಲೆಂಡಿನಲ್ಲಿ ಭತ್ತ ಬೆಳೆಯುವುದಿಲ್ಲ. ನಾನು ಕೆಲಸ ಮಾಡುವ ವೃದ್ಧರ ಆರೈಕೆ ಮನೆಯಲ್ಲಿ ಒಬ್ಬರು ಅಜ್ಜ ಇದ್ದಾರೆ, ತೊಂಬತ್ತರ ಹತ್ತಿರ, ಜೀವಮಾನವಿಡೀ ಬೇಸಾಯ ಮಾಡಿದವರು. ರಾತ್ರಿ ನಿದ್ದೆ ಬರುವುದಿಲ್ಲ ಅವರಿಗೆ. ಎರಡು ಗಂಟೆಗೆ ಮಾತ್ರೆ ಕೊಡುವುದಕ್ಕೆ ಹೋದಾಗ ಕೈ ಹಿಡಿದು ಕೂರಿಸಿಕೊಂಡು, ಈಚೆಗೆ ಯಾಕೆ ಮಾತೇ ಆಡುವುದಿಲ್ಲ ನೀನು ಅಂದರು. ಅಣ್ಣನ ವಿಷಯ ಹೇಳಿದೆ, ಹಬ್ಬದ ವಿಷಯವೂ ಹೇಳಿದೆ. ಅವರು ದೇವರ ಚಿತ್ತ ಅನ್ನಲಿಲ್ಲ. ನಿಮ್ಮ ಗದ್ದೆ ಎಷ್ಟು ದೊಡ್ಡದು, ಮಣ್ಣು ಎಂಥದ್ದು, ಅಣ್ಣ ಯಾವ ತಿಂಗಳು ಬಿತ್ತುತ್ತಿದ್ದ ಅಂತೆಲ್ಲ ಕೇಳಿದರು. ಏಪ್ರಿಲ್‌ನಿಂದ ಅಣ್ಣನ ಸಾವಿನ ಬಗ್ಗೆ ಕೇಳಿದವರು ನೂರು ಜನ ಇದ್ದರು, ಅವನ ಗದ್ದೆಯ ಬಗ್ಗೆ ಕೇಳಿದ್ದು ಅವರೊಬ್ಬರೇ. ಎರಡು ದಿನ ಬಿಟ್ಟು ಅವರ ಮಗ ಬಾರ್ಲಿ ತೆನೆಗಳ ಒಂದು ಕಟ್ಟನ್ನು ಬಿಳಿ ನೂಲಲ್ಲಿ ಕಟ್ಟಿ ತಂದು ಕೊಟ್ಟರು. ಕಟಾವು ಮುಗಿದ ಹೊಲದ ಅಂಚಿನಲ್ಲಿ ಉಳಿದಿದ್ದನ್ನು ಕೈಯಲ್ಲೇ ಕೊಯ್ದದ್ದಂತೆ.

ಬಾರ್ಲಿ ತೆನೆ ನೋಡಿದ್ದೀರಾ? ಹೊಂಬಣ್ಣ, ಪ್ರತಿ ಕಾಳಿಗೂ ಉದ್ದನೆಯ ಮೀಸೆ. ಆ ಮೀಸೆಗೆ ಸಣ್ಣ ಸಣ್ಣ ಗರಗಸದ ಹಲ್ಲು, ಒಂದು ಕಡೆಗೆ ಸವರಿದರೆ ನುಣುಪು, ಇನ್ನೊಂದು ಕಡೆಗೆ ಸವರಿದರೆ ಬೆರಳಿಗೆ ಹಿಡಿಯುತ್ತದೆ. ಅಂಗಿಯ ತೋಳಿನೊಳಗೆ ಬುಡ ಮೇಲಾಗಿ ಇಟ್ಟು ಕೈ ಆಡಿಸಿದರೆ ತಾನಾಗಿಯೇ ಮೇಲೆ ಮೇಲೆ ಹರಿದು ಬರುತ್ತದೆ. ನನ್ನ ಮಕ್ಕಳಿಬ್ಬರೂ ಸಂಜೆಯೆಲ್ಲ ಅದೇ ಆಟ ಆಡಿದರು. ಏಪ್ರಿಲ್ ಆದ ಮೇಲೆ ಮನೆಯಲ್ಲಿ ಅಷ್ಟು ನಗು ಕೇಳಿದ್ದು ಆವತ್ತೇ.

ಸೆಪ್ಟೆಂಬರ್ 8 ಸೋಮವಾರ ಬಂದಿತ್ತು. ಬೆಳಿಗ್ಗೆ ಹತ್ತರ ಬಲಿಪೂಜೆಗೆ ಹನ್ನೊಂದು ಜನ, ಅದರಲ್ಲಿ ನಾಲ್ಕು ನಾವೇ. ಗುರುಗಳಿಗೆ ಮೊದಲೇ ಹೇಳಿಟ್ಟಿದ್ದೆ. ಪೂಜೆ ಮುಗಿದ ಮೇಲೆ ತೆನೆಗಳನ್ನು ಆಶೀರ್ವದಿಸಿ, ಉಳಿದವರಿಗೂ ಒಂದೊಂದು ಕೊಡಬಹುದಾ ಅಂತ ಕೇಳಿದರು. ವಯಸ್ಸಾದ ಹೆಂಗಸರು ಒಂದೊಂದು ತೆನೆ ತೆಗೆದುಕೊಂಡು ಪರ್ಸಿನಲ್ಲಿ ಇಟ್ಟುಕೊಂಡರು. ನನ್ನ ಸಣ್ಣ ಮಗಳು ಪಕ್ಕದ ಮನೆಯ ತೋಟದಿಂದ ಕೇಳಿ ತಂದ ಡೇಲಿಯಾ ಹೂಗಳನ್ನು ಮರಿಯಮ್ಮನ ಪಾದದ ಹತ್ತಿರ ಹಾಕಿದಳು. ಹಾಡು ಹೇಳಲು ನಾನೂ ನನ್ನ ಗಂಡನೂ ಇಬ್ಬರೇ, ಅವರಿಗೆ ಶ್ರುತಿ ಸರಿಯಾಗಿ ನಿಲ್ಲುವುದಿಲ್ಲ, ನನಗೆ ಎರಡನೇ ಸಾಲಿಗೇ ಗಂಟಲು ಕಟ್ಟಿತು. ಆದರೂ ಮುಗಿಸಿದೆವು.

ಅವತ್ತು ಆ ಪ್ರತಿಮೆ ನೋಡುತ್ತಾ ಒಂದು ವಿಷಯ ಹೊಳೆಯಿತು. ಸೆಪ್ಟೆಂಬರ್ 8ಕ್ಕೆ ಮರಿಯಮ್ಮ ತೊಟ್ಟಿಲ ಕೂಸು. 14ಕ್ಕೆ ಪವಿತ್ರ ಶಿಲುಬೆಯ ಹಬ್ಬ. 15ಕ್ಕೆ ವ್ಯಾಕುಲ ಮಾತೆಯ ಹಬ್ಬ, ಮಗನ ಶಿಲುಬೆಯ ಕೆಳಗೆ ನಿಂತ ತಾಯಿ. ಒಂದೇ ವಾರ! ಇಷ್ಟು ವರ್ಷ ಮೊಂತಿ ಹಬ್ಬ ಮಾಡಿದ್ದೇನೆ, ಹೂ ಹಾಕಿದ್ದೇನೆ, ಇವೆರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿರಲಿಲ್ಲ. ಈ ಮಗುವಿಗೆ ಮುಂದೆ ಏನು ಕಾದಿದೆ ಅಂತ ಗೊತ್ತಿದ್ದೂ ಹೂ ಹಾಕುವವರು ನಾವು. ನಮ್ಮಮ್ಮನೂ ಮಗನನ್ನು ಮಣ್ಣು ಮಾಡಿದವರು, ಅವರೇ ಫೋನ್ ಮಾಡಿ ಹೂ ಸಿಗುತ್ತಾ ಅಂತ ಕೇಳಿದ್ದು.

ಮನೆಗೆ ಬಂದು ಅಡುಗೆ. ಒಂಬತ್ತು ಬಗೆ ಆಗಲಿಲ್ಲ, ಐದು ಆಯಿತು. ಬೆಂಡೆ, ಸೌತೆ, ಕಡ್ಲೆ ಸುಕ್ಕ, ಬೀನ್ಸ್, ಫ್ರೋಜನ್ ಕೆಸುವಿನ ಎಲೆಯ ಪತ್ರೊಡೆ. ಜೊತೆಗೆ ಹೆಸರುಬೇಳೆ, ಬೆಲ್ಲ, ತೆಂಗಿನ ಹಾಲು ಹಾಕಿದ ವೊರ್ನ್ ಅನ್ನುವ ಪಾಯಸ.

ಬಾರ್ಲಿ ಕಾಳು ಸುಲಿಯಲು ಕೂತಾಗ ಕಷ್ಟ ಗೊತ್ತಾಯಿತು. ಹೊಟ್ಟು ಕಾಳಿಗೇ ಅಂಟಿಕೊಂಡಿರುತ್ತದೆ, ಉಗುರಿಗೆ ಬರುವುದಿಲ್ಲ. ಊರಿನ ತೆನೆ ಹಾಗಲ್ಲ. ಆ ಹೊತ್ತಿಗೆ ಅದು ಇನ್ನೂ ಪೂರ್ತಿ ಬಲಿತಿರುವುದಿಲ್ಲ, ಎಷ್ಟೋ ಕಾಳನ್ನು ಹಿಸುಕಿದರೆ ಬೆಳ್ಳಗೆ ಹಾಲು ಬರುತ್ತದೆ. ಆಗ ಕೈ ನಿಂತುಬಿಟ್ಟಿತು. ಹೌದಲ್ವಾ, ನಮ್ಮ ತೆನೆ ಹಬ್ಬ ಬರುವುದು ಕೊಯ್ಲಿಗಿಂತ ಮೊದಲು. ಇನ್ನೂ ಮಳೆ ಇದೆ, ನೆರೆ ಬರಬಹುದು, ಹುಳ ಬೀಳಬಹುದು, ನಿಂತ ಪೈರು ಮಲಗಬಹುದು. ಒಂದು ಸೇರು ಭತ್ತವೂ ಮನೆಗೆ ಬಂದಿರುವುದಿಲ್ಲ. ಆದರೂ ಅಣ್ಣ ಆ ಹಾಲು ತೆನೆಯನ್ನು ಕೊಯ್ದುಕೊಂಡು ಹೋಗಿ ದೇವರ ಮುಂದೆ ಇಟ್ಟು ಉಪಕಾರ ಹೇಳಿ ಬರುತ್ತಿದ್ದ. ಪ್ರತಿ ವರ್ಷ. ಬೆಳೆ ಕೈಗೆ ಬಂದ ವರ್ಷವೂ ಹೇಳಿದ್ದಾನೆ, ಬಾರದ ವರ್ಷವೂ ಹೇಳಿದ್ದಾನೆ.

ಭರವಸೆ ನಮ್ಮನ್ನು ನಿರಾಶೆಗೊಳಿಸುವುದಿಲ್ಲ ಅನ್ನುವ ರೋಮನರಿಗೆ ಬರೆದ ಪತ್ರದ ಐದನೇ ಅಧ್ಯಾಯದ ಮಾತನ್ನೇ ಪೋಪ್ ಫ್ರಾನ್ಸಿಸ್ ಆ ಜುಬಿಲಿಗೆ ಆರಿಸಿದ್ದು. ಏಪ್ರಿಲ್‌ನಲ್ಲಿ ಆ ಬ್ಯಾನರ್ ನೋಡಿದಾಗ ನಾನು ಭರವಸೆ ಅಂದರೆ ಅಣ್ಣ ಬದುಕುತ್ತಾನೆ ಅನ್ನುವುದು, ಅದು ಸುಳ್ಳಾಯಿತು ಅಂತ ಅಂದುಕೊಂಡಿದ್ದೆ. ಯೇಸು ಗೋಧಿಯ ಕಾಳು ನೆಲಕ್ಕೆ ಬಿದ್ದು ಸಾಯಬೇಕು, ಆಗಲೇ ಬಹಳ ಫಲ ಅಂತ ಹೇಳಿದ್ದು ಎಲ್ಲರಿಗೂ ಗೊತ್ತು, ಪ್ರತಿ ಸಾವಿನ ಪೂಜೆಯಲ್ಲೂ ಯಾರಾದರೂ ಹೇಳುತ್ತಾರೆ. ಅದಾಗಿ ಮೂರೇ ವಾಕ್ಯ ಬಿಟ್ಟು, ಯೊವಾನ್ನನ ಶುಭಸಂದೇಶದ ಅದೇ 12ನೇ ಅಧ್ಯಾಯದಲ್ಲಿ, ತನ್ನ ಮನಸ್ಸು ಈಗ ಕಳವಳಗೊಂಡಿದೆ, ಈ ಗಳಿಗೆಯಿಂದ ನನ್ನನ್ನು ಕಾಪಾಡು ಅಂತ ತಂದೆಯನ್ನು ಕೇಳಲೇ ಅಂತ ಯೇಸುವೇ ಅನ್ನುತ್ತಾರೆ. ಕಾಳಿನ ಮಾತು ಹೇಳಿದವರಿಗೇ ಮಣ್ಣಿನ ಕತ್ತಲೆಯ ಹೆದರಿಕೆ ಇತ್ತು. ನನಗೆ ಸಮಾಧಾನ ಕೊಟ್ಟಿದ್ದು ಆ ವಾಕ್ಯ. ನನ್ನ ಹೆದರಿಕೆಯನ್ನು ಬಚ್ಚಿಟ್ಟು ಅವರ ಮುಂದೆ ಹೋಗಬೇಕಾಗಿಲ್ಲ.

ಕೊನೆಗೆ ಕಾಳುಗಳನ್ನು ಮಿಕ್ಸಿಗೆ ಹಾಕಿ, ಜರಡಿ ಹಿಡಿದು, ಹಾಲಿಗೆ ಬೆರೆಸಿದೆ. ಮನೆಗೆ ತಂದಿದ್ದು ಐದು ತೆನೆ. ನಾಲ್ಕು ನಮ್ಮದು. ಐದನೆಯದನ್ನು ಸುಲಿಯಲು ಮನಸ್ಸು ಬರಲಿಲ್ಲ, ಆಲ್ತಾರಿನ ಮೇಲೆ ಅಣ್ಣನ ಫೋಟೋದ ಪಕ್ಕ ಇಟ್ಟೆ. ಗಂಡ ಪ್ರಾರ್ಥನೆ ಹೇಳಿದರು, ಈ ಸಲ ಜಪಸರದ ಐದೂ ಹತ್ತುಗಳಿಗೆ ನನ್ನ ಬಾಯಿ ಓಡಿತು. ಮಧ್ಯದಲ್ಲಿ ಅಳುವೂ ಬಂತು. ಮಕ್ಕಳು ಚಮಚದಲ್ಲಿ ನೊವೆಂ ಕುಡಿದು, ಮಣ್ಣಿನ ವಾಸನೆ ಬರುತ್ತೆ ಅಂದರು. ಅಮ್ಮನಿಗೆ ವೀಡಿಯೊ ಕಾಲ್ ಮಾಡಿದರೆ ಅವರು ತೆನೆಯನ್ನು ಹತ್ತಿರ ಹಿಡಿ, ಹತ್ತಿರ ಹಿಡಿ ಅಂತ ಹೇಳಿ ಕನ್ನಡಕ ಹಾಕಿಕೊಂಡು ನೋಡಿದರು. ಅಣ್ಣನ ಮಗ ಬಂದು ಬಾರ್ಲಿಗೆ ನೀರು ನಿಲ್ಲಿಸಬೇಕಾ ಅತ್ತೆ ಅಂತ ಕೇಳಿದ.

ರಾತ್ರಿ ಡ್ಯೂಟಿ ಇತ್ತು. ಹೊರಡುವಾಗ ಆ ಐದನೇ ತೆನೆಯನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ಎರಡು ಗಂಟೆಗೆ ಅಜ್ಜನ ರೂಮಿಗೆ ಹೋದರೆ ಎಚ್ಚರವಾಗಿಯೇ ಇದ್ದರು. ಇದು ನನ್ನ ಅಣ್ಣನ ಪಾಲು, ನಿಮಗೆ ತಂದೆ ಅಂದೆ. ಅವರು ದೀಪ ಹಾಕು ಅಂದರು. ನಡುಗುವ ಬೆರಳಲ್ಲಿ ತೆನೆ ತಿರುಗಿಸಿ ತಿರುಗಿಸಿ ನೋಡಿ, ಒಂದು ಕಾಳು ಕಿತ್ತು, ಮೀಸೆ ಮುರಿದು, ಮುಂದಿನ ಹಲ್ಲಿಗೆ ಇಟ್ಟು ಕಚ್ಚಿದರು.

ಕಟ್ ಅಂತ ಸದ್ದು ಬಂತು.