ಇಷ್ಟು ವರ್ಷ ನೀರಿನ ಪಕ್ಕದಲ್ಲಿದ್ದೂ ಈಜು ಬರುವುದಿಲ್ಲವೇ?

ಬಾಲ್ಯದ ಬೇಸಿಗೆ ರಜೆಗಳನ್ನೆಲ್ಲ ಸರೋವರದ ದಡದಲ್ಲಿದ್ದ ಅಜ್ಜ-ಅಜ್ಜಿಯ ಪುಟ್ಟ ಮನೆಯಲ್ಲಿ ಕಳೆದೆನೆಂದು ಬಾಯಿತಪ್ಪಿ ಹೇಳಿದರೆ ಸಾಕು, ಎದುರಿಗಿದ್ದವರು ಶೀರ್ಷಿಕೆಯಲ್ಲಿರುವ ಪ್ರಶ್ನೆಗೆ ಬಂದೇ ಬರುತ್ತಾರೆ. ಉತ್ತರ: ಬರುವುದಿಲ್ಲ. ನನಗೆ ಸಿಟ್ಟು ತರಿಸುವುದು ಪ್ರಶ್ನೆಯಲ್ಲ, ಅದರೊಳಗಿನ 'ಇದ್ದೂ' ಎಂಬ ಪದ. ರೈಲು ನಿಲ್ದಾಣದ ಪಕ್ಕದಲ್ಲಿ ಬೆಳೆದವರನ್ನು ರೈಲು ಓಡಿಸಲು ಬಾರದೇ ಎಂದು ಯಾರೂ ವಿಚಾರಿಸಿದ್ದನ್ನು ನಾನು ಕಾಣೆ.

ಕಲಿಸುವ ಪ್ರಯತ್ನ ನಡೆಯಲಿಲ್ಲವೆಂದಲ್ಲ. ನನಗೆ ಒಂಬತ್ತು ವರ್ಷವಾಗಿದ್ದಾಗ, ಗಾಳಿಯೇ ಇಲ್ಲದ ಒಂದು ಮಧ್ಯಾಹ್ನ, ಸೋದರಮಾವ ನನ್ನ ಸೊಂಟಕ್ಕೆ ಹಗ್ಗ ಬಿಗಿದು ಮರದ ಅಟ್ಟಣೆಯ ತುದಿಯಿಂದ ನೀರಿಗಿಳಿಸಿದರು. ಎದೆಯ ಮಟ್ಟದಲ್ಲಿ ನೀರು ಸ್ನಾನಕ್ಕೆ ಕಾಯಿಸಿದಷ್ಟು ಹಿತವಾಗಿತ್ತು. ಪಾದಗಳು ಮಾತ್ರ ಬೇರೊಂದು ಋತುವಿನಲ್ಲಿದ್ದವು. ನಾನು ಕಿರುಚಿದ್ದು ಆಚೆ ದಡಕ್ಕೂ ಕೇಳಿಸಿತೆಂದು ಮನೆಯವರು ಇಂದಿಗೂ ನಗುತ್ತಾರೆ. ಬಿಸಿಲಿಗೆ ಕಾದ ನೀರು ಹಗುರವಾಗಿ ಮೇಲೆಯೇ ಉಳಿಯುತ್ತದೆ, ತಂಪಾದ ಭಾರದ ನೀರು ಕೆಳಗೆ ನಿಲ್ಲುತ್ತದೆ, 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಸಾಂದ್ರತೆ ಅತಿ ಹೆಚ್ಚು ಎಂದು ಅಂದು ಸಂಜೆ ಅಜ್ಜ ವಿವರಿಸಿದರು. ಕಾರಣ ತಿಳಿದ ಮಾತ್ರಕ್ಕೆ ಮತ್ತೆ ಇಳಿಯಬೇಕೆಂದೇನೂ ಇಲ್ಲವಲ್ಲ.

ಮರುದಿನ ಅದೇ ಹಗ್ಗಕ್ಕೆ ಅಜ್ಜ ತಮ್ಮ ಬಿಳಿ ತಟ್ಟೆಯನ್ನು ಕಟ್ಟಿದರು. ತಟ್ಟೆ ಎಂದೂ ಕಿರುಚಿದ್ದಿಲ್ಲ.

ನೀವು ಕೇಳಬೇಕಾಗಿದ್ದದ್ದು ಈ ತಟ್ಟೆಯ ವಿಚಾರ: ನೀರು ಎಷ್ಟು ಆಳದವರೆಗೆ ಕಾಣುತ್ತಿತ್ತು? ಇದಕ್ಕೆ ನನ್ನ ಬಳಿ ಲೆಕ್ಕವಿದೆ. 1865ರಲ್ಲಿ ಇಟಲಿಯ ಪಾದ್ರಿ, ಖಗೋಳಜ್ಞ ಏಂಜೆಲೊ ಸೆಕ್ಕಿ ಹಡಗಿನಿಂದ ಬಿಳಿ ತಟ್ಟೆ ಇಳಿಸಿ ಮೆಡಿಟರೇನಿಯನ್ ಸಮುದ್ರದ ತಿಳಿಯನ್ನು ಅಳೆದಿದ್ದರು. ಅಜ್ಜನದೂ ಅದೇ ವಿಧಾನ. ನಡುಮಧ್ಯಾಹ್ನ, ದೋಣಿಯ ನೆರಳು ಬೀಳುವ ಬದಿಯಿಂದ ತಟ್ಟೆಯನ್ನು ಇಳಿಸಬೇಕು. ಅದು ಮೊದಲು ಹಸಿರಾಗುತ್ತದೆ, ಆಮೇಲೆ ಮಸುಕಾಗುತ್ತದೆ, ಕೊನೆಗೆ ಅಲ್ಲಿ ಇದೆಯೋ ಇಲ್ಲವೋ ಎಂದು ಅಜ್ಜನಿಗೂ ನನಗೂ ವಾದ ಹತ್ತುತ್ತದೆ. ಮಾಯವಾದ ಆಳವನ್ನೂ, ಮೇಲೆತ್ತುವಾಗ ಮತ್ತೆ ಕಂಡ ಆಳವನ್ನೂ ಗುರುತಿಸಿ ಸರಾಸರಿ ತೆಗೆಯಬೇಕು. ಹಗ್ಗಕ್ಕೆ ಅರ್ಧ ಮೀಟರಿಗೊಂದರಂತೆ ಗಂಟುಗಳಿದ್ದವು. ಎಣಿಸುವ ಕೆಲಸ ನನ್ನದು, ಬರೆಯುವುದು ಅವರದು. ಮೊದಲ ಬೇಸಿಗೆ 11 ಗಂಟು.

ಆಮೇಲಿನ ಬೇಸಿಗೆಗಳಲ್ಲಿ ಗಂಟುಗಳು ಕಡಿಮೆಯಾಗುತ್ತ ಹೋದವು. ದಡದ ಸುತ್ತ ಮನೆಗಳು ಹೆಚ್ಚಿದ್ದವು, ಆಗಸ್ಟಿನ ಹೊತ್ತಿಗೆ ನೀರಿನ ಮೇಲೆ ಹಸಿರು ಕೆನೆ ಕಟ್ಟುತ್ತಿತ್ತು. ಕೆನಡಾದಲ್ಲಿ 1973ರಲ್ಲಿ ವಿಜ್ಞಾನಿಗಳು ಒಂದು ಸರೋವರದ ನಡುವೆ ಪರದೆ ಕಟ್ಟಿ, ಎರಡೂ ಭಾಗಗಳಿಗೆ ಇಂಗಾಲ ಮತ್ತು ಸಾರಜನಕವನ್ನೂ, ಒಂದು ಭಾಗಕ್ಕೆ ಮಾತ್ರ ರಂಜಕವನ್ನೂ ಸೇರಿಸಿದ್ದರು. ಪಾಚಿ ದಟ್ಟವಾಗಿ ಬೆಳೆದು ಹಸಿರಾದದ್ದು ರಂಜಕ ಬಿದ್ದ ಭಾಗ. ರಂಜಕ ಹೊಲಗಳ ಗೊಬ್ಬರದಿಂದ ಬರುತ್ತದೆ, ಬಟ್ಟೆ ಸೋಪಿನಿಂದ ಬರುತ್ತದೆ, ಶೌಚದ ಗುಂಡಿಗಳಿಂದಲೂ ಬರುತ್ತದೆ. ಹೊಸ ಮನೆಗಳವರನ್ನು ನಾವೆಲ್ಲ ಊಟಕ್ಕೆ ಕುಳಿತಾಗ ಮನಸಾರೆ ಬೈದಿದ್ದೇವೆ. ನಮ್ಮ ಗುಂಡಿ ದಡದಿಂದ ಇಪ್ಪತ್ತು ಹೆಜ್ಜೆಯಷ್ಟೇ ದೂರದಲ್ಲಿತ್ತು.

ಆ ಪುಸ್ತಕ ಈಗ ನನ್ನಲ್ಲಿದೆ. ಕೊನೆಯ ಪುಟದಲ್ಲಿ 4 ಗಂಟು ಎಂದಿದೆ. ಅದರ ಕೆಳಗೆ ಅಜ್ಜ ಪೆನ್ಸಿಲಿನಲ್ಲಿ, 'ಗುಂಡಿಯನ್ನು ಹಿಂದಕ್ಕೆ ಸರಿಸಬೇಕು' ಎಂದು ಬರೆದು ಎರಡು ಗೆರೆ ಎಳೆದಿದ್ದಾರೆ. ನಾವು ಸರಿಸಲಿಲ್ಲ.