ತೋಳಹಾವಿನ ರಾತ್ರಿವೇಷ

ಮೊದಲ ಮಳೆ ಬಿದ್ದ ಜೂನ್ ತಿಂಗಳ ಒಂದು ರಾತ್ರಿ ನಮ್ಮ ಓಣಿಯ ಕೊನೆಯ ಮನೆಯ ಹುಡುಗ ಬಂದು ಬಾಗಿಲು ಬಡಿದು, "ಸರ್, ಬಚ್ಚಲದಾಗ ಕಟ್ಟುಹಾವು ಬಂದೈತ್ರಿ, ಲಗೂನ ಬರ್ರಿ" ಎಂದ. ನಾನು ಬ್ಯಾಟರಿ ಹುಡುಕಿಕೊಂಡು ಹೋಗುವಷ್ಟರಲ್ಲಿ ಕೆಲಸ ಮುಗಿದಿತ್ತು. ಸಲಿಕೆಯ ಮೇಲೆ ಒಂದೂವರೆ ಅಡಿ ಉದ್ದದ ಕಂದು ಹಾವೊಂದು ಸತ್ತು ಬಿದ್ದಿತ್ತು. ಅದರ ಕುತ್ತಿಗೆಗೆ ಹಳದಿ ಛಾಯೆಯ ಪಟ್ಟಿಯೊಂದಿತ್ತು, ತಲೆ ಚಪ್ಪಟೆಯಾಗಿತ್ತು, ಬೆನ್ನಿನ ಬಿಳಿ ಅಡ್ಡಪಟ್ಟೆಗಳು ಬಾಲದ ಕಡೆಗೆ ಹೋಗುತ್ತ ಮಾಸಿಹೋಗಿದ್ದವು. ಅದು ತೋಳಹಾವು, ವಿಷವಿಲ್ಲದ್ದು, ಬಚ್ಚಲಿನ ಗೋಡೆಯ ಹಲ್ಲಿಗಳಿಗಾಗಿ ಬಂದದ್ದು. ಆ ಮನೆಯಲ್ಲಿ ಎರಡು ಮಕ್ಕಳು ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗುತ್ತಿದ್ದುದರಿಂದ ಅವರಿಗೆ ಉಪದೇಶ ಹೇಳುವ ಮನಸ್ಸು ನನಗಾಗಲಿಲ್ಲ.

ಗಂಗಾವತಿಯಿಂದ ಆನೆಗೊಂದಿಯ ಕಡೆಗೆ ಹೋಗುವವರು ನಮ್ಮ ಸೀಮೆಯ ಎರಡು ಮುಖಗಳನ್ನೂ ನೋಡಿರುತ್ತಾರೆ: ಒಂದೆಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳು, ಇನ್ನೊಂದೆಡೆ ಗುಂಡುಗಲ್ಲುಗಳನ್ನು ಒಟ್ಟಿದಂತಿರುವ ಬೆಟ್ಟಗಳು. ಗದ್ದೆಯಲ್ಲಿ ಇಲಿ, ಕಪ್ಪೆ. ಕಲ್ಲಿನ ಸಂದಿಯಲ್ಲಿ ಹಲ್ಲಿ, ಅರಣೆ. ಹಾವುಗಳಿಗೆ ಇದಕ್ಕಿಂತ ಒಳ್ಳೆಯ ಊಟದ ಮನೆ ಬೇಕಿಲ್ಲ. ಹದಿನಾಲ್ಕು ವರ್ಷಗಳಿಂದ ನಾನು ಇಲ್ಲಿ ಹಾವುಗಳನ್ನು ನೋಡುತ್ತ ಟಿಪ್ಪಣಿ ಬರೆಯುತ್ತಿದ್ದೇನೆ. ಹಿಡಿಯುವುದಿಲ್ಲ, ನೋಡುತ್ತೇನೆ ಅಷ್ಟೆ. ಆ ಟಿಪ್ಪಣಿಗಳಲ್ಲಿ ಅತಿ ಹೆಚ್ಚು ಕಾಟು ಹೊಡೆದು ತಿದ್ದಿದ ಪುಟಗಳು ಇರುವುದು ಈ ಕಟ್ಟುಹಾವು ಮತ್ತು ತೋಳಹಾವುಗಳ ಬಗ್ಗೆಯೇ.

ಬಿಳಿ ಹಾಳೆಯ ಮೇಲೆ ಇವೆರಡನ್ನೂ ಬೇರ್ಪಡಿಸುವುದು ಸುಲಭ. ಕಡುವಿಷದ ಕಟ್ಟುಹಾವಿನ ಮೈ ನೀಲಿ ಮಿಂಚುವ ಕಪ್ಪು. ಅದರ ತೆಳುವಾದ ಬಿಳಿ ಗೆರೆಗಳು ಹಲವು ಸಲ ಜೋಡಿಜೋಡಿಯಾಗಿರುತ್ತವೆ, ತಲೆಯ ಹಿಂದಿನ ಭಾಗದಲ್ಲಿ ಮಸುಕಾಗಿದ್ದು ಅಥವಾ ಇಲ್ಲದೆಯೇ ಇದ್ದು, ಬಾಲದ ಕಡೆಗೆ ಹೋದಂತೆ ಸ್ಪಷ್ಟವಾಗುತ್ತವೆ. ತೋಳಹಾವಿನಲ್ಲಿ ಇದೆಲ್ಲ ತಿರುವುಮುರುವು: ಪಟ್ಟೆಗಳು ಕುತ್ತಿಗೆಯಿಂದಲೇ ಅಗಲವಾಗಿ ಆರಂಭವಾಗಿ, ಪಕ್ಕೆಗಳಲ್ಲಿ ಕವಲೊಡೆದು, ಹಿಂದೆ ಹೋದಂತೆ ಕರಗುತ್ತವೆ. ಕಟ್ಟುಹಾವಿನ ಬೆನ್ನಹುರಿಯ ಗುಂಟ ಆರು ಮೂಲೆಯ ದೊಡ್ಡ ಹುರುಪೆಗಳ ಒಂದು ಸಾಲಿರುತ್ತದೆ. ತೋಳಹಾವಿನಲ್ಲಿ ಆ ಸಾಲಿನ ಹುರುಪೆಗಳು ಉಳಿದವುಗಳಷ್ಟೇ ಇರುತ್ತವೆ. ಮುಂದಿನ ಹಲ್ಲುಗಳು ತೋಳದ ಕೋರೆಯಂತೆ ಉದ್ದವಾಗಿರುವುದರಿಂದ ಇದಕ್ಕೆ ಆ ಹೆಸರು ಬಂದಿದೆ. ಗಾರೆ ಉದುರಿದ ಗೋಡೆಯನ್ನು ತೋಳಹಾವು ಸರಾಗವಾಗಿ ಹತ್ತಬಲ್ಲದು. ಕಟ್ಟುಹಾವು ಸಾಮಾನ್ಯವಾಗಿ ನೆಲ ಬಿಡುವುದಿಲ್ಲ. ಆದರೆ ಹಾವು ಹಾಳೆಯ ಮೇಲೆ ಮಲಗಿರುವುದಿಲ್ಲ. ಬ್ಯಾಟರಿಯ ಬೆಳಕಿನಲ್ಲಿ, ಒದ್ದೆ ನೆಲದ ಮೇಲೆ, ಎರಡೇ ಕ್ಷಣ ಕಂಡು ಸರಿದುಹೋಗುವ ಕಪ್ಪು ಬಳ್ಳಿಯೊಂದರ ಹುರುಪೆಗಳ ಸಾಲನ್ನು ಎಣಿಸುವವರು ಯಾರು?

ಈ ಹೋಲಿಕೆಗೆ ವಿಜ್ಞಾನದಲ್ಲಿ ಒಂದು ವಿವರಣೆಯಿದೆ. ಹೆನ್ರಿ ವಾಲ್ಟರ್ ಬೇಟ್ಸ್ ಎಂಬ ಇಂಗ್ಲಿಷ್ ನಿಸರ್ಗಶಾಸ್ತ್ರಜ್ಞ ಹನ್ನೊಂದು ವರ್ಷ ಅಮೆಜಾನ್ ಕಾಡಿನಲ್ಲಿ ಅಲೆದು, ಹಕ್ಕಿಗಳು ತಿನ್ನಲೊಲ್ಲದ ಚಿಟ್ಟೆಗಳ ಬಣ್ಣವನ್ನೇ ತೊಟ್ಟು ಬದುಕುವ ರುಚಿಕರ ಚಿಟ್ಟೆಗಳನ್ನು ಗುರುತಿಸಿ, 1862ರಲ್ಲಿ ಅದನ್ನು ಪ್ರಕಟಿಸಿದ. ನಮ್ಮ ಬಳ್ಳಾರಿ, ಕೊಪ್ಪಳದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಣ್ಣ ಹಚ್ಚಿ ಊರೂರು ತಿರುಗುವ ಹಗಲುವೇಷದ ಕಲಾವಿದರು ಪೊಲೀಸರ ವೇಷದಲ್ಲಿ ಓಣಿಗೆ ಕಾಲಿಟ್ಟಾಗ ಬೀಡಿ ಮರೆಮಾಡಿಕೊಂಡ ದೊಡ್ಡವರನ್ನು ನಾವೆಲ್ಲ ನೋಡಿದ್ದೇವೆ. ವೇಷ ನಡೆಯಬೇಕಾದರೆ ಒಂದು ಷರತ್ತಿದೆ: ಅಸಲಿಯ ಭಯ ಊರಿನಲ್ಲಿ ಮೊದಲೇ ಇರಬೇಕು. ಇಲ್ಲಿಯೇ ನನಗೊಂದು ತೊಡಕು ಬಹಳ ಕಾಲ ಕಾಡಿತ್ತು. ಕಹಿ ಚಿಟ್ಟೆಯನ್ನು ತಿಂದ ಹಕ್ಕಿ ಉಗಿದು ಪಾಠ ಕಲಿಯಬಹುದು, ಕಟ್ಟುಹಾವಿನಿಂದ ಕಚ್ಚಿಸಿಕೊಂಡ ಪ್ರಾಣಿ ಪಾಠ ಕಲಿಯಲು ಬದುಕಿರಬೇಕಲ್ಲ?

ಉತ್ತರದ ಒಂದು ಎಳೆ ಮಧ್ಯ ಅಮೆರಿಕದಿಂದ ಸಿಕ್ಕಿತು. 1975ರಲ್ಲಿ ಸುಸಾನ್ ಸ್ಮಿತ್ ಎಂಬ ವಿಜ್ಞಾನಿ, ಮನುಷ್ಯರ ಕೈಯಲ್ಲೇ ಬೆಳೆದು ಹಾವನ್ನೇ ಕಾಣದ ಮಾಟ್‌ಮಾಟ್ ಹಕ್ಕಿಗಳ ಮುಂದೆ ಬಣ್ಣ ಬಳಿದ ಕಡ್ಡಿಗಳನ್ನು ಇಟ್ಟು ನೋಡಿದ ಪ್ರಯೋಗವನ್ನು ಪ್ರಕಟಿಸಿದರು. ಅಲ್ಲಿನ ವಿಷದ ಹವಳಹಾವಿನಂತೆ ಹಳದಿ, ಕೆಂಪು ಬಳೆಗಳಿದ್ದ ಕಡ್ಡಿಗಳಿಂದ ಹಕ್ಕಿಗಳು ದೂರ ಸರಿದವು; ಹಸಿರು, ನೀಲಿ ಬಳೆಗಳಿದ್ದವನ್ನು ಹೆದರದೆ ಕುಕ್ಕಿದವು. ಅಂದರೆ ಭಯವು ಕಲಿತದ್ದೇ ಆಗಬೇಕಿಲ್ಲ, ಹುಟ್ಟಿನಿಂದಲೂ ಬಂದಿರಬಹುದು. ಅದನ್ನು ನಮ್ಮ ಗೂಬೆಗಳಿಗೂ ಮುಂಗುಸಿಗಳಿಗೂ ಹಾಗೆಯೇ ಅನ್ವಯಿಸುವ ಧೈರ್ಯ ನನಗಿಲ್ಲ, ಆದರೆ ನನ್ನ ತೊಡಕು ಸಡಿಲವಾದದ್ದು ನಿಜ.

ಎಲ್ಲ ಹೋಲಿಕೆಯನ್ನೂ ವೇಷವೆಂದು ಕರೆಯುವವರ ಬಗ್ಗೆ ಮಾತ್ರ ನನಗೆ ತಕರಾರಿದೆ. ಬಣವೆಯ ಬುಡದಲ್ಲಿ ಸಿಗುವ ವಿಷವಿಲ್ಲದ ಮಣ್ಣುಮುಕ್ಕ ಹಾವನ್ನು ವಿಷದ ಕೊಳಕುಮಂಡಲವೆಂದು ಬಡಿಯುವುದು ನಮ್ಮಲ್ಲಿ ಸಾಮಾನ್ಯ. ದಪ್ಪ ಮೈ, ಕಂದು ಮಚ್ಚೆ, ಎರಡೂ ಹೌದು. ಆದರೆ ಕೊಳಕುಮಂಡಲದ ಮಚ್ಚೆಗಳು ಸರಪಳಿಯ ಕೊಂಡಿಗಳಂತೆ ಮೂರು ಸಾಲಿನಲ್ಲಿ ಒಪ್ಪವಾಗಿರುತ್ತವೆ, ತಲೆ ಕುತ್ತಿಗೆಗಿಂತ ಅಗಲವಾಗಿ ಮುಕ್ಕೋನದಂತಿರುತ್ತದೆ, ಕೆಣಕಿದರೆ ಕುಕ್ಕರಿನಂತೆ ಬುಸುಗುಡುತ್ತದೆ. ಮಣ್ಣುಮುಕ್ಕದ ಮಚ್ಚೆಗಳಿಗೆ ಅಂಚೂ ಇಲ್ಲ, ಶಿಸ್ತೂ ಇಲ್ಲ. ತಲೆ ಎಲ್ಲಿ ಮುಗಿದು ಕುತ್ತಿಗೆ ಎಲ್ಲಿ ಶುರುವಾಯಿತೆಂದು ತಿಳಿಯುವುದಿಲ್ಲ, ಒರಟು ಬಾಲ ತಟ್ಟನೆ ಮೊಟಕಾಗುತ್ತದೆ. ಒಣ ಎಲೆ, ಮಣ್ಣುಗಳ ನಡುವೆ ಅಲುಗಾಡದೆ ಕುಳಿತು ಬೇಟೆಗೆ ಕಾಯುವ ಎರಡು ಹಾವುಗಳಿಗೆ ಆ ಮಣ್ಣೇ ಒಂದೇ ಬಣ್ಣ ಹಚ್ಚಿರಲೂಬಹುದು. ಆದರೂ, ಯುರೋಪಿನ ಮಂಡಲದ ಹಾವಿನ ಅಂಕುಡೊಂಕು ಗೆರೆ ಬಳಿದ ಮೇಣದಂಥ ಗೊಂಬೆಗಳನ್ನು ಹಕ್ಕಿಗಳು ಕಡಿಮೆ ಕುಕ್ಕಿದವೆಂದು ಅಲ್ಲಿನ ಅಧ್ಯಯನವೊಂದು 2004ರಲ್ಲಿ ತೋರಿಸಿದ ಮೇಲೆ, ಅಡಗುವ ಬಣ್ಣವೇ ಹೆದರಿಸುವ ಬಣ್ಣವೂ ಆಗಬಹುದೆಂದು ಒಪ್ಪಿಕೊಂಡಿದ್ದೇನೆ.

ನಡವಳಿಕೆಯಿಂದ ಹೆದರಿಸುವ ಹಾವುಗಳು ಬೇರೆಯೇ ಇವೆ. ಕಾಲುವೆಯ ನೀರುಹಾವು ದಾರಿಯಿಲ್ಲವೆಂದಾದಾಗ ತಲೆಯೆತ್ತಿ ಕುತ್ತಿಗೆ ಅಗಲಿಸಿ ನಾಗರದಂತೆ ನಿಲ್ಲುತ್ತದೆ. ಕಲ್ಲುಬೆಟ್ಟದ ಬೆಕ್ಕುಹಾವು ವಿಷದ ಗರಗಸ ಮಂಡಲದಂತೆ ಸುರುಳಿ ಸುತ್ತಿ ಮೇಲೇರಿ ಬರುತ್ತದೆ. ಆದರೆ ಆ ಮಂಡಲದಂತೆ ಮೈ ಉಜ್ಜಿ ಕರಕರ ಸದ್ದು ಮಾಡುವ ವಿದ್ಯೆ ಬೆಕ್ಕುಹಾವಿಗಿಲ್ಲ, ಬಾಲ ನಡುಗಿಸಿ ಸುಮ್ಮನಾಗುತ್ತದೆ. ಅದಕ್ಕೆ ಬಾಯಿಯ ಹಿಂಭಾಗದಲ್ಲಿ ಹಲ್ಲಿಯನ್ನು ಕೊಲ್ಲುವಷ್ಟು ಸೌಮ್ಯ ವಿಷವೂ ಉಂಟು.

ವೇಷದ ಮಾತಿನಲ್ಲಿ ಎಲ್ಲರೂ ಒಂದೇ ತಪ್ಪನ್ನು ಹೇಳುತ್ತಾರೆ: ಬಡಪಾಯಿ ಹಾವನ್ನು ವಿಷದ್ದೆಂದು ತಿಳಿದು ಕೊಂದರು, ಎಂದು. ಅದರ ಇನ್ನೊಂದು ಮಗ್ಗುಲನ್ನು ಹೇಳುವವರು ಕಡಿಮೆ. "ಇದು ತೋಳಹಾವು, ಏನೂ ಮಾಡುವುದಿಲ್ಲ" ಎಂದು ಅರೆತಿಳಿವಳಿಕೆಯಲ್ಲಿ ಕೈ ಹಾಕಿದವನಿಗೆ ಸಿಕ್ಕದ್ದು ಕಟ್ಟುಹಾವಾಗಿದ್ದರೆ, ಕಚ್ಚಿದ್ದೂ ಅವನಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ನೋವು, ಬಾವು ಬಹುತೇಕ ಇರುವುದಿಲ್ಲ. ಕೆಲವು ತಾಸಿನ ಮೇಲೆ ಹೊಟ್ಟೆನೋವು, ಜೋಲುವ ರೆಪ್ಪೆ, ಕೊನೆಗೆ ಉಸಿರಾಟಕ್ಕೇ ತೊಂದರೆ. ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ ಆಗಿರುವುದರಿಂದ, ಕಚ್ಚಿದ ಹಾವನ್ನು ಹುಡುಕುತ್ತ, ಹೆಸರು ಹಿಡಿಯುತ್ತ ಹೊತ್ತು ಕಳೆಯುವ ಅಗತ್ಯವೇ ಇಲ್ಲ. ಕಚ್ಚಿದ ಅಂಗವನ್ನು ಅಲುಗಾಡಿಸದೆ ಆಸ್ಪತ್ರೆ ಸೇರಿದರಾಯಿತು. ರಾಜ್ಯ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ವಿಧಿಸಿತು.

ಆ ಮಗ್ಗುಲಿನ ತಪ್ಪನ್ನು ನಾನೂ ಮಾಡಿದ್ದೇನೆ. ಆರು ವರ್ಷದ ಹಿಂದೆ, ಗದ್ದೆಯೊಂದರ ಪಂಪ್‌ಸೆಟ್ ಕೋಣೆಯ ಹತ್ತಿರ, ಕಲ್ಲುಗಳ ಸಂದಿಯಿಂದ ಪಟ್ಟೆಯೇ ಇಲ್ಲದ ಕಪ್ಪು ತಲೆ, ಕುತ್ತಿಗೆ ಹೊರಬಂದವು. ತೋಳಹಾವುಗಳಲ್ಲಿ ಪಟ್ಟೆಯಿಲ್ಲದವೂ ಇರುತ್ತವೆಂಬುದು ನನಗೆ ಗೊತ್ತಿತ್ತು. ಆ ಗೊತ್ತಿರುವಿಕೆಯೇ ನನ್ನನ್ನು ಕೆಡಿಸಿತು. ಮೊಣಕಾಲೂರಿ, ಮೊಬೈಲನ್ನು ಒಂದು ಮೊಳದಷ್ಟು ಹತ್ತಿರಕ್ಕೆ ಒಯ್ದು ಚಿತ್ರ ತೆಗೆಯುತ್ತಿದ್ದೆ. ಹಾವು ತನ್ನ ಪಾಡಿಗೆ ಹೊರಗೆ ಬರುತ್ತಲೇ ಇತ್ತು. ಅರ್ಧ ಮೈ ಬಂದ ಮೇಲೆ ಒಂದು ಮಸುಕು ಗೆರೆ ಕಂಡಿತು, ಆಮೇಲೆ ಎರಡು, ಆಮೇಲೆ ಬಾಲದವರೆಗೂ ಸುಣ್ಣದಲ್ಲಿ ಎಳೆದಂತಹ ಜೋಡಿಗೆರೆಗಳು. ನಾನು ಕದಲಲಿಲ್ಲ, ಅದೂ ನನ್ನನ್ನು ಲೆಕ್ಕಿಸದೆ ಬದುವಿನ ಹುಲ್ಲಿಗಿಳಿದು ಹೋಯಿತು. ಆ ರಾತ್ರಿಯ ಪುಟದಲ್ಲಿ "ತೋಳಹಾವು" ಎಂಬ ಪದಕ್ಕೆ ಕಾಟು ಹೊಡೆದು ಮೇಲೆ "ಕಟ್ಟುಹಾವು" ಎಂದು ಬರೆದಿದೆ, ಅಕ್ಷರ ಸ್ವಲ್ಪ ಅಂಕುಡೊಂಕಾಗಿದೆ. ಅಂದಿನಿಂದ ಕತ್ತಲಲ್ಲಿ ಕಂಡ ಯಾವುದೇ ಕಪ್ಪು ಹಾವನ್ನು ಮೊದಲು ಕಟ್ಟುಹಾವೆಂದೇ ಬರೆಯುತ್ತೇನೆ. ಬಾಲ ಕಂಡ ಮೇಲೆ ಬೇಕಾದರೆ ತಿದ್ದುತ್ತೇನೆ.